ದೂರು ಊರಿಗೆ ಹೋಯಿತು, ಕಾರು ಇಲ್ಲೇ ಉಳಿಯಿತು

ಸೌದಿ ಅರೇಬಿಯಾದಲ್ಲಿ ಸಂಸಾರ ಹೂಡಿದವನು ಗಂಟುಮೂಟೆ ಕಟ್ಟಿ ಊರಿಗೆ ಹೊರಡುವಾಗ ಎಲ್ಲಕ್ಕಿಂತ ಕೊನೆಗೆ ಮಾರುವುದು ಕಾರನ್ನು. ಸೋಫಾ, ಫ್ರಿಜ್, ವಾಷಿಂಗ್ ಮೆಷಿನ್ ಹಿಂದಿನ ತಿಂಗಳೇ ಯಾರ್ಯಾರದೋ ಮನೆ ಸೇರಿರುತ್ತವೆ. ಕಾರು ಮಾತ್ರ ಕೊನೆಯ ವಾರದವರೆಗೂ ಬೇಕು. ಮಕ್ಕಳ ಟಿ.ಸಿ. ತರಲು ಶಾಲೆಗೆ, ಖಾತೆ ಮುಚ್ಚಲು ಬ್ಯಾಂಕಿಗೆ, ಪೆಟ್ಟಿಗೆ ಒಪ್ಪಿಸಲು ಕಾರ್ಗೋದವನ ಅಂಗಡಿಗೆ ಓಡಾಡಬೇಕಲ್ಲ. ಆದರೆ ಹೆಸರಿನಲ್ಲಿ ವಾಹನ ಇಟ್ಟುಕೊಂಡು ಫೈನಲ್ ಎಕ್ಸಿಟ್, ಅಂದರೆ ದೇಶ ಬಿಟ್ಟು ಹೋಗುವ ಕೊನೆಯ ಪರವಾನಗಿ, ಸಿಗುವುದಿಲ್ಲ. ಇಸ್ತಿಮಾರಾ, ಅಂದರೆ ಗಾಡಿಯ ನೋಂದಣಿ ಕಾರ್ಡು, ಬೇರೆಯವರ ಹೆಸರಿಗೆ ಆಗಲೇಬೇಕು. ಮಾರುವವನ ಈ ಅವಸರ ಕೊಳ್ಳುವವನಿಗೂ ಚೆನ್ನಾಗಿ ಗೊತ್ತು. ಹಾಗಾಗಿ ವಿಮಾನದ ತಾರೀಖು ಹತ್ತಿರವಾದಂತೆ ಕಾರಿನ ಬೆಲೆ ಇಳಿಯುತ್ತದೆ, ಅದರ ಗುಣಗಾನ ಮಾತ್ರ ಏರುತ್ತದೆ. 'ಒಂದು ದಿನ ತೊಂದರೆ ಕೊಟ್ಟದ್ದಿಲ್ಲ' ಎಂಬ ಮಾತು ಜುಬೈಲ್, ದಮ್ಮಾಮ್, ರಿಯಾದ್‌ಗಳ ನಮ್ಮವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಪ್ರತಿ ಬೇಸಿಗೆ ರಜೆಗೆ ಮುಂಚೆ ಹರಿದಾಡುತ್ತದೆ.

ಹೀಗೆ ಕೈ ಬದಲಾಗುವ ಗಾಡಿಗಳಲ್ಲಿ ಬಹುಪಾಲು ಫ್ಯಾಮಿಲಿ ಸೆಡಾನ್‌ಗಳು. ಟೊಯೊಟಾ ಕ್ಯಾಮ್ರಿ, ಕೊರೊಲ್ಲಾ, ಹ್ಯುಂಡೈ ಸೊನಾಟಾ, ಎಲಾಂಟ್ರಾ, ಹೋಂಡಾ ಅಕಾರ್ಡ್, ನಿಸಾನ್ ಆಲ್ಟಿಮಾ. ತೈಲದ ದುಡ್ಡು ಉಕ್ಕಿದ ಎಪ್ಪತ್ತರ ದಶಕದ ನಂತರ ಮುಂಬೈ ದಾರಿಯಾಗಿ ಇಲ್ಲಿಗೆ ಬಂದ ಮಂಗಳೂರು, ಉಡುಪಿ, ಭಟ್ಕಳದ ಮೊದಲ ತಲೆಮಾರಿನವರಿಗೆ ಟೊಯೊಟಾ ಕ್ರೆಸಿಡಾ ಕನಸಿನ ಗಾಡಿಯಾಗಿತ್ತು. ಅಬ್ದುಲ್ ಲತೀಫ್ ಜಮೀಲ್ ಸಂಸ್ಥೆ 1955ರಲ್ಲೇ ಟೊಯೊಟಾ ವಿತರಣೆ ಹಿಡಿದದ್ದರಿಂದ ಆ ಹೆಸರು ಇಲ್ಲಿ ಬೇರುಬಿಟ್ಟಿದೆ. ಕ್ರೆಸಿಡಾ ಹಾಳಾಯಿತು ಅಂತ ಹೇಳಿದವರನ್ನು ನಾನು ಕಂಡದ್ದಿಲ್ಲ, ಬಹುಶಃ ಹಾಳಾದದ್ದನ್ನು ಯಾರೂ ನೆನಪಿಟ್ಟುಕೊಂಡಿಲ್ಲ.

ನಾನು ಹೇಳಹೊರಟದ್ದು ಈ ನೆನಪಿನ ವಿಷಯವನ್ನೇ. ಎಂಜಿನ್‌ನ ದೋಷ ಕಾರಿನೊಳಗೆ ಇರುತ್ತದೆ, ದೂರು ಮಾಲೀಕನ ಬಾಯಲ್ಲಿ ಇರುತ್ತದೆ. ಸ್ವಂತ ಊರಿನಲ್ಲಿ ಈ ಎರಡೂ ಒಂದೇ ಬೀದಿಯಲ್ಲಿ ಬದುಕುತ್ತವೆ. ಹತ್ತು ವರ್ಷ ಒಂದೇ ಕಾರು ಓಡಿಸಿದವನಿಗೆ ಅದು ಯಾವ ಬೇಸಿಗೆಯಲ್ಲಿ ಬಿಸಿಯಾಯಿತು, ಯಾವ ಗ್ಯಾರೇಜಿನವನು ಏನು ಬದಲಿಸಿದ ಎಂಬುದೆಲ್ಲ ಬಾಯಿಪಾಠ. ಇಲ್ಲಿ ಮಾಲೀಕ ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿಸಿ ಹೊರಟುಬಿಡುತ್ತಾನೆ. ದೂರೂ ಅವನ ಜೊತೆ ವಿಮಾನ ಹತ್ತುತ್ತದೆ. ಕಾರು ಇಲ್ಲೇ ಉಳಿದು ಮುಂದಿನವನ ಮನೆ ಮುಂದೆ ನಿಲ್ಲುತ್ತದೆ, ಹೊಸದಾಗಿ ತೊಳೆಸಿಕೊಂಡು, ಸೀಟಿಗೆ ಹೊಸ ಕವರು ಹಾಕಿಸಿಕೊಂಡು.

2017ರ ನಂತರ ಈ ವರ್ಗಾವಣೆ ಜೋರಾಯಿತು. ಆ ವರ್ಷದ ಜುಲೈಯಿಂದ ವಿದೇಶಿ ನೌಕರರ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ವರ್ಷಕ್ಕೆ ನೂರರಂತೆ ಏರಿ 2020ರ ಜುಲೈಗೆ ಅದು 400 ಆಯಿತು. ಹೆಂಡತಿ, ಇಬ್ಬರು ಮಕ್ಕಳಿದ್ದವನಿಗೆ ತಿಂಗಳಿಗೆ 1,200 ರಿಯಾಲ್ ಬರೀ ಕಾಗದಕ್ಕೆ. ಎಷ್ಟೋ ಮನೆಗಳು ಖಾಲಿಯಾದವು, ಹೆಂಡತಿ ಮಕ್ಕಳು ಊರಿಗೆ, ಗಂಡ ಬ್ಯಾಚುಲರ್ ರೂಮಿಗೆ. ಅದೇ ಹೊತ್ತಿಗೆ 2018ರ ಜನವರಿಯಲ್ಲಿ ಶೇಕಡ 5 ವ್ಯಾಟ್ ಬಂದು 2020ರ ಜುಲೈಯಲ್ಲಿ 15ಕ್ಕೆ ಏರಿದ್ದರಿಂದ ಶೋರೂಮಿನ ಹೊಸ ಕಾರು ಮಧ್ಯಮ ಸಂಬಳದವನಿಗೆ ಇನ್ನಷ್ಟು ದೂರವಾಯಿತು. 2018ರ ಜೂನ್ 24ರಿಂದ ಮಹಿಳೆಯರಿಗೂ ಸ್ಟೀರಿಂಗ್ ಸಿಕ್ಕಿ, ಉಳಿದುಕೊಂಡ ಕೆಲವು ಮನೆಗಳಿಗೆ ಎರಡನೆಯ ಕಾರು ಬೇಕೆನಿಸಿತು. ಹೋಗುವವರು ಮಾರುವ ಆತುರದಲ್ಲಿ, ಉಳಿದವರು ಹಳೆಯದನ್ನೇ ಕೊಳ್ಳುವ ಅನಿವಾರ್ಯದಲ್ಲಿ. ಇಂಥ ಹೊತ್ತಿನಲ್ಲಿ ಬಾನೆಟ್ ಎತ್ತಿ ಸರಿಯಾಗಿ ನೋಡುವವರು ಕಡಿಮೆ.

ಜುಬೈಲಿನಲ್ಲಿ ನಮಗೆ ಪರಿಚಯದ ಒಂದು ಕುಟುಂಬ ಹಾಗೆ ಕೊಂಡದ್ದು ಒಂದು ಬಿಳಿ ಸೆಡಾನ್. ಮೂರನೆಯ ಕೈ. ಎ.ಸಿ. ಐಸ್, ಬಾಡಿ ನೀಟ್, ಫಹಸ್, ಅಂದರೆ ವಾರ್ಷಿಕ ವಾಹನ ತಪಾಸಣೆ, ಆಗಲೇ ಪಾಸ್. ಎರಡು ತಿಂಗಳ ನಂತರ ಮನೆಯೊಡತಿ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಾಗ ಸಿಗ್ನಲ್‌ನಲ್ಲಿ ಕೆಂಪು ಎಣ್ಣೆದೀಪ ಒಮ್ಮೆ ಮಿನುಗಿ ಆರಿತು. ಮತ್ತೆ ಉರಿಯಲಿಲ್ಲವಾದ್ದರಿಂದ ಅವರು ಸುಮ್ಮನಾದರು. ಸಂಜೆ ಗಂಡ ಡಿಪ್‌ಸ್ಟಿಕ್ ಎಳೆದು ನೋಡಿದರೆ ಕಡ್ಡಿಯ ತುದಿಯಲ್ಲಿ ಎಣ್ಣೆಯ ಗುರುತೇ ಇಲ್ಲ. ಹಿಂದಿನ ಮಾಲೀಕರಿಗೆ ಸುರತ್ಕಲ್ಲಿಗೆ ಫೋನು ಹೋಯಿತು. 'ಅದು ಮೊದಲಿಂದಲೂ ಸ್ವಲ್ಪ ಎಣ್ಣೆ ತೆಗೀತದೆ. ನಾನು ಡಿಕ್ಕಿಯಲ್ಲಿ ಯಾವಾಗಲೂ ಒಂದು ಡಬ್ಬಿ ಇಡ್ತಿದ್ದೆ. ನೀವು ಕೇಳ್ಲಿಲ್ಲ ಅಲ್ವಾ?' ಎಂದು ಅವರು ಬಹಳ ಪ್ರೀತಿಯಿಂದಲೇ ಹೇಳಿದರಂತೆ. ಮೋಸದ ಮನುಷ್ಯ ಅಲ್ಲ ಅವರು. ಡಬ್ಬಿ ಇಟ್ಟುಕೊಂಡು ಓಡಿಸಿ ಓಡಿಸಿ ಅದು ದೋಷವೆಂಬುದೇ ಅವರಿಗೆ ಮರೆತುಹೋಗಿತ್ತು.

ಎಣ್ಣೆ ಕುಡಿಯುವ ಎಂಜಿನ್‌ಗಳ ಕಥೆ ಸಾರ್ವಜನಿಕ ದಾಖಲೆಯಲ್ಲೂ ಇದೆ. ಮದ್ಯ ಸಿಗದ ಈ ನಾಡಿನಲ್ಲಿ ಎಣ್ಣೆ ಹೊಡೆಯುವ ಧೈರ್ಯ ಕಾರುಗಳಿಗೆ ಮಾತ್ರ ಎಂದು ನಮ್ಮ ಹುಡುಗರು ನಗುತ್ತಾರೆ. ನಗುವ ವಿಷಯ ಅದಲ್ಲ ಬಿಡಿ. ಈ ಶತಮಾನದ ಮೊದಲ ದಶಕದ ಕ್ಯಾಮ್ರಿಗಳಲ್ಲಿದ್ದ 2.4 ಲೀಟರಿನ '2ಎಝಡ್-ಎಫ್ಇ' ಎಂಜಿನ್ ಸಾಮಾನ್ಯವಾಗಿ ಗಟ್ಟಿಮುಟ್ಟು ಎಂದೇ ಹೆಸರಾದದ್ದು. ಆದರೆ ದಶಕದ ಕೊನೆಯ ಕೆಲವು ವರ್ಷಗಳ ಗಾಡಿಗಳು ಎಣ್ಣೆ ಸುಡುತ್ತವೆ ಎಂದು ಅಮೆರಿಕದ ಮಾಲೀಕರು ವರ್ಷಗಟ್ಟಲೆ ದೂರಿದರು. ಪಿಸ್ಟನ್ನಿಗೆ ಸುತ್ತುವ ಮೂರು ಉಂಗುರಗಳಲ್ಲಿ ಕೆಳಗಿನದರ ಕೆಲಸ ಸಿಲಿಂಡರ್ ಗೋಡೆಯ ಎಣ್ಣೆಯನ್ನು ಕೆರೆದು ಕೆಳಗಿಳಿಸುವುದು. ಕೆರೆದ ಎಣ್ಣೆ ಪಿಸ್ಟನ್ನಿನ ಸಣ್ಣ ತೂತುಗಳಿಂದ ಹಿಂದಕ್ಕೆ ಹೋಗಬೇಕು. ಆ ತೂತುಗಳು ಕರಿಕಟ್ಟಿ ಮುಚ್ಚಿಕೊಂಡರೆ, ಉಂಗುರ ತನ್ನ ತೋಡಿನಲ್ಲಿ ಅಂಟಿಕೊಂಡರೆ ಎಣ್ಣೆಗೆ ಬೇರೆ ದಾರಿಯಿಲ್ಲ, ಪೆಟ್ರೋಲಿನ ಜೊತೆಗೇ ಉರಿಯುತ್ತದೆ. ಕೊನೆಗೆ ಟೊಯೊಟಾ ಅಲ್ಲಿ ವಾರಂಟಿ ವಿಸ್ತರಿಸಿತು. ಸುಮಾರು 1,200 ಮೈಲಿಗೆ ಒಂದು ಕ್ವಾರ್ಟ್‌ಗಿಂತ ಹೆಚ್ಚು ಎಣ್ಣೆ ಇಳಿಯುತ್ತದೆ ಎಂದು ಪರೀಕ್ಷೆಯಲ್ಲಿ ಕಂಡರೆ ಪಿಸ್ಟನ್, ಉಂಗುರ ಬದಲಿಸಿಕೊಡುವುದೆಂದಾಯಿತು. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 2,000 ಕಿಲೋಮೀಟರಿಗೆ ಒಂದು ಲೀಟರು.

ಈ ಲೆಕ್ಕವನ್ನು ಸೌದಿಯ ರಸ್ತೆಗೆ ತಂದು ನೋಡಿ. ಜುಬೈಲಿನಿಂದ ಮಕ್ಕಾಕ್ಕೆ 1,300 ಕಿಲೋಮೀಟರಿಗೂ ಮಿಕ್ಕು. ಉಮ್ರಾಕ್ಕೆಂದು ಗುರುವಾರ ಸಂಜೆ ಹೊರಟು, ರಿಯಾದ್ ದಾಟಿ, ತಾಯಿಫ್‌ನ ಹತ್ತಿರ ಅಲ್ ಹದಾ ಘಾಟಿ ಇಳಿದು ಹೋಗಿ ಶನಿವಾರ ರಾತ್ರಿ ಮನೆಗೆ ಮರಳುವ ಕುಟುಂಬಗಳು ಎಷ್ಟೋ ಇವೆ. ಹೋಗಿ ಬರುವುದು 2,600 ಮೀರಿತು. ಅಷ್ಟರಲ್ಲಿ ಇಂಥ ಎಂಜಿನ್ ಒಂದೂಕಾಲು ಲೀಟರಿನ ಮೇಲೆ ಕುಡಿದಿರುತ್ತದೆ. ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಇರುವ ಅಂತರವೇ ಸುಮಾರು ಒಂದು ಲೀಟರು. ಅಂದರೆ ಹೊರಡುವಾಗ ಭರ್ತಿಯಿದ್ದ ಕಾರು ಬರುವ ದಾರಿಯಲ್ಲಿ ಕನಿಷ್ಠ ಗೆರೆಯ ಕೆಳಗೆ ಇಳಿದಿರುತ್ತದೆ, ಅದೂ 120ರ ವೇಗದಲ್ಲಿ, ಎ.ಸಿ. ಪೂರ್ತಿ ಹಾಕಿಕೊಂಡು, ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿರುವಾಗ. ಡ್ಯಾಶ್‌ಬೋರ್ಡಿನ ಎಣ್ಣೆದೀಪ ಹೇಗಿದ್ದರೂ ಎಚ್ಚರಿಸುತ್ತದಲ್ಲ ಎಂದು ನಂಬಿದವರೇ ಹೆಚ್ಚು. ಆ ದೀಪ ಸಾಮಾನ್ಯವಾಗಿ ಎಣ್ಣೆಯ ಮಟ್ಟವನ್ನು ಅಳೆಯುವುದಿಲ್ಲ, ಒತ್ತಡವನ್ನು ಅಳೆಯುತ್ತದೆ. ಪಂಪು ಎಣ್ಣೆಯ ಬದಲು ಗಾಳಿ ಎಳೆಯತೊಡಗಿದಾಗ ಅದು ಉರಿಯುತ್ತದೆ. ಅಷ್ಟು ಹೊತ್ತಿಗೆ ಬೇರಿಂಗ್‌ಗೆ ಪೆಟ್ಟು ಬಿದ್ದಿರಲೂಬಹುದು.

ಫಹಸ್ ಪಾಸಾಗಿದೆಯಲ್ಲ ಎಂಬ ಸಮಾಧಾನವೂ ಇಂಥದ್ದೇ. ಬ್ರೇಕು, ದೀಪ, ಟೈರು, ಸ್ಟೀರಿಂಗು, ಗಾಡಿಯ ಕೆಳಭಾಗ, ಹೊಗೆ, ಇವನ್ನು ಅವರು ನೋಡುತ್ತಾರೆ, ಚೆನ್ನಾಗಿಯೇ ನೋಡುತ್ತಾರೆ. ಎಂಜಿನ್ ತಿಂಗಳಿಗೆ ಎಷ್ಟು ಎಣ್ಣೆ ಕುಡಿಯುತ್ತದೆಂದು ಹತ್ತಿಪ್ಪತ್ತು ನಿಮಿಷದ ತಪಾಸಣೆ ಹೇಗೆ ಹೇಳೀತು?

ಅದನ್ನು ಹೇಳಬಲ್ಲವರು ಸನಾಯಾದಲ್ಲಿದ್ದಾರೆ. ಪ್ರತಿ ಊರಿಗೂ ಒಂದು ಸನಾಯಾ ಇರುತ್ತದೆ: ಕೈಗಾರಿಕಾ ವಸಾಹತು, ಸಾಲು ಸಾಲು ಗ್ಯಾರೇಜು, ಬಿಡಿಭಾಗದ ಅಂಗಡಿ, ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾದ ಮರಳು. ದಮ್ಮಾಮಿನ ಸನಾಯಾದಲ್ಲಿ ಕಾಪು ಕಡೆಯ ಒಬ್ಬ ಮೆಕ್ಯಾನಿಕ್ ಇದ್ದಾರೆ. ವಯಸ್ಸಿನಲ್ಲಿ ನನಗಿಂತ ಹಿರಿಯರು, ಎಲ್ಲರೂ ಅಣ್ಣ ಎಂದೇ ಕರೆಯುವುದು. ಕಾರು ತಂದವರಿಗೆ ಅವರು ಮೊದಲು ಹೇಳುವ ಮಾತು: 'ಆಫ್ ಮಾಡಿ ಮಾರಾಯ್ರೆ. ತಣ್ಣಗಾಗಲಿ. ಬಿಸಿ ಎಂಜಿನ್ ಸುಳ್ಳು ಹೇಳ್ತದೆ.' ಗಂಟೆಗಟ್ಟಲೆ ಬಿಟ್ಟು, ಒಬ್ಬರನ್ನು ಹಿಂದೆ ನಿಲ್ಲಿಸಿ ಸ್ಟಾರ್ಟ್ ಮಾಡಿಸುತ್ತಾರೆ. ಮೊದಲ ಎರಡು ಮೂರು ಸೆಕೆಂಡಿನಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ ಬಂತೋ, ಎಣ್ಣೆ ಮೇಲೆ ಹತ್ತುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಾ ಇದ್ದರೆ, ಅದಕ್ಕೆ ಸಿಹಿ ವಾಸನೆಯಿದ್ದರೆ ಕೂಲಂಟ್ ಒಳಗೆ ಇಳಿಯುತ್ತಿದೆ. ಆಮೇಲೆ ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಮೈಯನ್ನು ಬೆರಳಲ್ಲಿ ಒರೆಸುತ್ತಾರೆ. ಬೆರಳಿಗೆ ಹತ್ತಿದ್ದು ಕಂದು ಬಣ್ಣದ ನೊರೆಯಾದರೆ ನೀರು ಸೇರಿದೆ, ಕಪ್ಪು ಗಸಿಯಾದರೆ ಹಿಂದಿನವನು ಎಣ್ಣೆ ಬದಲಿಸಿದ್ದೇ ಅಪರೂಪ. ಆಗ ಅವರು ಮಾತಾಡುವುದಿಲ್ಲ, ಬೆರಳನ್ನು ಕೊಳ್ಳಲು ಬಂದವನ ಮುಖದ ಮುಂದೆ ಹಿಡಿಯುತ್ತಾರೆ.

ಇನ್ನೊಂದು ಉಪಾಯವನ್ನು ಅವರೇ ಹೇಳಿಕೊಟ್ಟದ್ದು. ಕೆಳಗಿನ ಬೇರಿಂಗ್ ಸವೆದ ಎಂಜಿನ್ ಅಜ್ಜಿ ಕುಟ್ಟಣಿಯಲ್ಲಿ ಅಡಿಕೆ ಕುಟ್ಟಿದ ಹಾಗೆ ಸದ್ದು ಮಾಡುತ್ತದೆ, ಆಕ್ಸಿಲರೇಟರ್ ಒತ್ತಿದಂತೆ ಕುಟ್ಟುವುದೂ ಚುರುಕಾಗುತ್ತದೆ. ಮಾರುವ ಮುನ್ನ ಕೆಲವರು ಅದಕ್ಕೆ 20ಡಬ್ಲ್ಯು-50ರಂಥ ದಪ್ಪ ಎಣ್ಣೆ ಹಾಕಿಸುತ್ತಾರೆ. ಕೈಪಿಡಿ 5ಡಬ್ಲ್ಯು-30 ಅನ್ನುವ ಗಾಡಿಗೆ. ಸಡಿಲವಾದ ಜಾಗವನ್ನು ದಪ್ಪ ಎಣ್ಣೆ ತುಂಬಿಕೊಂಡು ಸದ್ದು ಅಡಗಿಸುತ್ತದೆ, ಹೊಗೆಯನ್ನೂ ಕೆಲವು ವಾರ ತಡೆಯುತ್ತದೆ. ಅಷ್ಟರಲ್ಲಿ ಇಸ್ತಿಮಾರಾ ಹೊಸ ಹೆಸರಿಗೆ ಆಗಿರುತ್ತದೆ. ಅದಕ್ಕೇ ಅಣ್ಣ ಡಿಪ್‌ಸ್ಟಿಕ್ ಎಳೆದಾಗ ಎಣ್ಣೆಯ ಮಟ್ಟಕ್ಕಿಂತ ಮುಂಚೆ ಅದು ಕಡ್ಡಿಯಿಂದ ಹೇಗೆ ಇಳಿಯುತ್ತದೆ ಅಂತ ನೋಡುತ್ತಾರೆ. ಹಳೆಯ ಗಾಡಿಯಲ್ಲಿ ಜೇನಿನ ಬಣ್ಣದ ಹೊಚ್ಚಹೊಸ ದಪ್ಪ ಎಣ್ಣೆ ಕಂಡರೆ ಅವರಿಗೆ ಸಂತೋಷವಾಗುವುದಿಲ್ಲ.

ಈ ಕುಟ್ಟುವ ಸದ್ದೇ ಜಗತ್ತಿನ ದೊಡ್ಡ ಎಂಜಿನ್ ಪ್ರಕರಣವೊಂದರ ಮೂಲ. ಹ್ಯುಂಡೈಯ 'ಥೀಟಾ 2' ಎಂಜಿನ್. 2011, 2012ರ ಮಾದರಿಯ ಸೊನಾಟಾಗಳು ಅಮೆರಿಕದ ಹೆದ್ದಾರಿಗಳಲ್ಲಿ ಓಡುತ್ತಾ ಓಡುತ್ತಲೇ ಕುಟ್ಟತೊಡಗಿ, ಕೆಲವು ಅಲ್ಲೇ ಬಿಗಿದು ನಿಂತವು. ಅಲಬಾಮಾದ ಕಾರ್ಖಾನೆಯಲ್ಲಿ ಕ್ರ್ಯಾಂಕ್‌ಶಾಫ್ಟಿನ ಎಣ್ಣೆದಾರಿ ಕೊರೆದಾಗ ಉಳಿದ ಲೋಹದ ಚೂರುಗಳು ಪೂರ್ತಿ ತೊಳೆದುಹೋಗಿರಲಿಲ್ಲ, ಅವು ಎಣ್ಣೆಯ ಹರಿವಿಗೆ ಅಡ್ಡಬಂದು ಬೇರಿಂಗ್ ತಿನ್ನುತ್ತಿವೆ ಎಂದು ಕಂಪನಿ ಕಾರಣ ಕೊಟ್ಟಿತು. 2015ರ ಸೆಪ್ಟೆಂಬರಿನಲ್ಲಿ ಸುಮಾರು 4.7 ಲಕ್ಷ ಸೊನಾಟಾಗಳನ್ನು ವಾಪಸು ಕರೆಸಿತು. ಅಲ್ಲಿಗೆ ಮುಗಿಯಿತೆಂದುಕೊಂಡರೆ 2017ರ ಮಾರ್ಚಿನಲ್ಲಿ ಹ್ಯುಂಡೈ, ಕಿಯಾ ಎರಡೂ ಸೇರಿ ಅಮೆರಿಕದಲ್ಲಿ ಇನ್ನೂ ಸುಮಾರು 12 ಲಕ್ಷ ಗಾಡಿಗಳಿಗೆ ಕರೆ ಬಂತು. ಮರುತಿಂಗಳು ದಕ್ಷಿಣ ಕೊರಿಯಾದಲ್ಲೂ 1.71 ಲಕ್ಷ.

ಇದರ ಹಿಂದೆ ಒಬ್ಬ ಮನುಷ್ಯ ಇದ್ದ. ಕಿಮ್ ಗ್ವಾಂಗ್-ಹೋ, ಹ್ಯುಂಡೈಯಲ್ಲಿ ಎರಡೂವರೆ ದಶಕ ದುಡಿದ ಎಂಜಿನಿಯರು. ಕಂಪನಿ ಕರೆಸಬೇಕಾದಷ್ಟು ಗಾಡಿಗಳನ್ನು ಕರೆಸುತ್ತಿಲ್ಲ ಎಂದು ಒಳಗಿನ ಕಾಗದಪತ್ರ ಹಿಡಿದು 2016ರಲ್ಲಿ ವಾಷಿಂಗ್ಟನ್ನಿಗೆ ಹೋಗಿ ರಸ್ತೆ ಸುರಕ್ಷತಾ ಇಲಾಖೆಯ ಮುಂದೆ ಇಟ್ಟ. ಅದೇ ವರ್ಷ ಕೆಲಸ ಕಳೆದುಕೊಂಡ. 2020ರ ನವೆಂಬರಿನಲ್ಲಿ ಎರಡೂ ಕಂಪನಿಗಳು ಅಮೆರಿಕ ಸರ್ಕಾರದ ಜೊತೆ ಒಟ್ಟು 21 ಕೋಟಿ ಡಾಲರಿನ ದಂಡ, ಬದ್ಧತೆಗಳಿಗೆ ಒಪ್ಪಿಕೊಂಡವು. ಮರುವರ್ಷ ಅದೇ ಇಲಾಖೆ ಕಿಮ್‌ಗೆ 2.4 ಕೋಟಿ ಡಾಲರಿಗೂ ಹೆಚ್ಚು ಬಹುಮಾನ ಕೊಟ್ಟಿತು. ಕಾರಿನ ದೋಷ ಬಯಲಿಗೆಳೆದವರಿಗೆ ಆ ಇಲಾಖೆ ಕೊಟ್ಟ ಮೊದಲ ಬಹುಮಾನ ಅದು. ನನಗೆ ಇದರಲ್ಲಿ ಮುಖ್ಯವೆನಿಸುವುದು ಬಹುಮಾನಕ್ಕಿಂತ ಆ ಕಾಗದಪತ್ರ. ಒಂದು ಕಡೆ ಸಾವಿರಾರು ಮಾಲೀಕರು ಸರ್ಕಾರಕ್ಕೆ ಬರೆದು ಸಲ್ಲಿಸಿದ ದೂರುಗಳಿದ್ದವು, ಇನ್ನೊಂದು ಕಡೆ ಕಂಪನಿಯ ಒಳಗಿನ ದಾಖಲೆ. ಎರಡೂ ಒಂದೇ ಮೇಜಿನ ಮೇಲೆ ಬಂದಾಗ ವಿಷಯ ಹೊರಬಿತ್ತು.

ಆ ಸುದ್ದಿ ಇಲ್ಲಿಗೆ ಮುಟ್ಟಿದಾಗ ಇಲಿ ಅಂದರೆ ಹುಲಿ ಎಂಬಂತಾಯಿತು. ಸೊನಾಟಾ ಎಂದರೆ ಮುಟ್ಟಬೇಡಿ ಎಂಬ ಸಲಹೆ ಮಸೀದಿಯ ಅಂಗಳದಿಂದ ಕ್ರಿಕೆಟ್ ಮೈದಾನದವರೆಗೆ ಹಬ್ಬಿತು. ಸ್ವಲ್ಪ ತಾಳ್ಮೆ ಬೇಕಿತ್ತು. ಅಮೆರಿಕದ ಪ್ರಕರಣ ಪೆಟ್ರೋಲನ್ನು ನೇರ ಸಿಲಿಂಡರಿಗೆ ಚಿಮ್ಮಿಸುವ ಮಾದರಿಯ ಎಂಜಿನ್‌ಗಳದ್ದು. ಕೊಲ್ಲಿಗೆ ಬಂದ ಸೊನಾಟಾಗಳಲ್ಲಿ ಅನೇಕವು ಹಳೆಯ ಪದ್ಧತಿಯ ಇಂಜೆಕ್ಷನ್ನಿನವು, ಕೊರಿಯಾದಲ್ಲಿ ಕಟ್ಟಿದವು. ಅಲಬಾಮಾದ ಲೋಹದ ಚೂರು ದಮ್ಮಾಮಿನ ಕಾರಿನಲ್ಲಿ ಇರಲೇಬೇಕೆಂದಿಲ್ಲ. ಆದರೆ ಅಪಘಾತವಾದ ಅಮೆರಿಕದ ಗಾಡಿಗಳನ್ನು ಹಡಗಿನಲ್ಲಿ ತರಿಸಿ, ರಿಪೇರಿ ಮಾಡಿ ಇಲ್ಲಿ ಮಾರುವ ವ್ಯಾಪಾರವೂ ಇದೆ. ಅವು ಅಮೆರಿಕದ ದೋಷವನ್ನೂ ಸಂಗಡ ತಂದಿರಬಹುದು. ಯಾವುದು ಯಾವುದೆಂದು ಬ್ಯಾಡ್ಜು ಹೇಳುವುದಿಲ್ಲ, ಚಾಸಿಸ್ ನಂಬರು ಹೇಳುತ್ತದೆ. ಹದಿನೇಳು ಅಕ್ಷರ ಅಂಕಿಗಳ ಆ ನಂಬರಿನ ಮೊದಲ ಗುರುತೇ ಕಾರು ಹುಟ್ಟಿದ ದೇಶದ್ದು: 'ಕೆ' ಎಂದರೆ ಕೊರಿಯಾ, 'ಜೆ' ಎಂದರೆ ಜಪಾನು, 1, 4, 5 ಎಂದರೆ ಅಮೆರಿಕ, 'ಎಂ' ಎಂದಿದ್ದರೆ ನಮ್ಮ ಭಾರತದ್ದೂ ಆಗಬಹುದು.

ಸೌದಿಯ ವಾಣಿಜ್ಯ ಸಚಿವಾಲಯ ರೀಕಾಲ್‌ಗಳಿಗೆಂದೇ ತಾಣವೊಂದನ್ನು ನಡೆಸುತ್ತದೆ. ಅಲ್ಲಿ ಚಾಸಿಸ್ ನಂಬರು ಹಾಕಿದರೆ ಆ ಗಾಡಿಗೆ ಬಾಕಿ ಉಳಿದ ಕರೆಯಿದೆಯೋ ಎಂದು ತಿಳಿಯುತ್ತದೆ. ರೀಕಾಲ್ ಕೆಲಸಕ್ಕೆ ಮಾಲೀಕ ದುಡ್ಡು ಕೊಡಬೇಕಿಲ್ಲ, ಎಷ್ಟನೆಯ ಕೈಯಾದರೂ ಸರಿ. ಏಜೆಂಟರ ವಿರುದ್ಧ ದೂರಿದ್ದರೆ 1900 ಎಂಬ ನಂಬರಿದೆ. 1962ರಷ್ಟು ಹಿಂದೆಯೇ ಬಂದ ವಾಣಿಜ್ಯ ಏಜೆನ್ಸಿ ಕಾನೂನಿನ ಪ್ರಕಾರ ಏಜೆಂಟ್ ಮಾರಿ ಕೈತೊಳೆದುಕೊಳ್ಳುವಂತಿಲ್ಲ, ಬಿಡಿಭಾಗ ಮತ್ತು ರಿಪೇರಿಯ ಹೊಣೆಯೂ ಅವನದೇ. ಇಷ್ಟೆಲ್ಲ ಇದ್ದೂ ನಮ್ಮವರು ದೂರು ಕೊಡುವುದು ಕಡಿಮೆ. ಅರಬ್ಬಿ ಬರುವುದಿಲ್ಲ ಎಂಬುದು ಒಂದು ನೆಪ. ನಿಜವಾದ ಅಂಜಿಕೆ ಬೇರೆ: ಪರದೇಶದಲ್ಲಿ ನಮಗೇಕೆ ತಂಟೆ, ಕಫೀಲನ, ಅಂದರೆ ವೀಸಾ ಕೊಟ್ಟ ಪ್ರಾಯೋಜಕನ, ಕಿವಿಗೆ ಬಿದ್ದರೆ ಏನೋ ಎಂಬ ಹಳೆಯ ಅಭ್ಯಾಸ. ಎರಡು ವರ್ಷದಲ್ಲಿ ಹೋಗುವವನಿಗೆ ಏಳು ತಿಂಗಳ ಜಗಳ ಯಾಕೆ ಎಂಬ ಲೆಕ್ಕಾಚಾರವೂ ಸೇರುತ್ತದೆ. ಆ ಎರಡು ವರ್ಷ ಹಿಗ್ಗಿ ಹದಿನೈದಾಗುವುದು ಬೇರೆ ಮಾತು. ಹೀಗಾಗಿ ದೋಷ ಎಲ್ಲೂ ದಾಖಲಾಗುವುದಿಲ್ಲ, ಡಿಕ್ಕಿಯಲ್ಲಿ ಒಂದು ಎಣ್ಣೆ ಡಬ್ಬಿಯಾಗಿ ಕೂತಿರುತ್ತದೆ.

ಎಲ್ಲ ದೂರಿಗೂ ಕಾರ್ಖಾನೆಯೇ ಕಾರಣ ಎನ್ನಲಾರೆ. ಜುಲೈಯಲ್ಲಿ ಪೂರ್ವ ಪ್ರಾಂತ್ಯದ ಬಿಸಿಲು 48 ಡಿಗ್ರಿಯ ಆಸುಪಾಸು ಇರುತ್ತದೆ, ಡಾಂಬರಿನ ಮೇಲೆ ಇನ್ನೂ ಜಾಸ್ತಿ. ಹೆಂಡತಿ ಮಕ್ಕಳು ಕಾರಿನಲ್ಲಿ ಕೂತು, ಗಂಡ ಬಕಾಲಾದೊಳಗೆ, ಅಂದರೆ ಕಿರಾಣಿ ಅಂಗಡಿಯೊಳಗೆ, ಹೋಗಿ ಅರ್ಧ ಗಂಟೆ ಮಾತಾಡಿ ಬರುವವರೆಗೂ ಎಂಜಿನ್ ಆನ್, ಎ.ಸಿ. ಆನ್. ಓಡೋಮೀಟರು ಒಂದು ಮೀಟರೂ ಮುಂದೆ ಹೋಗಿಲ್ಲ, ಎಣ್ಣೆ ಮಾತ್ರ ಅರ್ಧ ಗಂಟೆ ಬೆಂದಿದೆ. ಕಿಲೋಮೀಟರು ನೋಡಿ ಆಯಿಲ್ ಚೇಂಜ್ ಮಾಡಿಸುವವರು ಈ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಸಿಗೆಯ ಶಮಾಲ್ ಗಾಳಿ ಬೀಸಿದರೆ ಏರ್ ಫಿಲ್ಟರಿನಲ್ಲಿ ಹಿಟ್ಟಿನಷ್ಟು ನುಣ್ಣನೆಯ ಮರಳು. ಐದೋ ಹತ್ತೋ ರಿಯಾಲ್ ಉಳಿಸಲು ಹಾಕಿದ ಅಗ್ಗದ ಫಿಲ್ಟರು ಅಂಚಿನಲ್ಲಿ ಸರಿಯಾಗಿ ಕೂರದಿದ್ದರೆ ಆ ಮರಳು ಸಿಲಿಂಡರ್ ಗೋಡೆಯನ್ನು ಉಜ್ಜುತ್ತದೆ, ಉಂಗುರ ಸವೆಯುತ್ತದೆ. ಮತ್ತೆ ಅದೇ ನೀಲಿ ಹೊಗೆ. ರೇಡಿಯೇಟರಿಗೆ ಕೂಲಂಟಿನ ಬದಲು ನಲ್ಲಿ ನೀರು ಸುರಿಯುವವರಂತೂ ಬೇಕಾದಷ್ಟು ಜನ. ಒಳಗೆ ತುಕ್ಕು, ಸುಣ್ಣ ಕಟ್ಟಿ ಒಂದು ಮಧ್ಯಾಹ್ನ ಬಿಸಿ ಮುಳ್ಳು ಏರುತ್ತದೆ, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ತಪ್ಪು ಮಾತ್ರ 'ಈ ಕಂಪನಿಯ ಎಂಜಿನ್ನೇ ಸರಿಯಿಲ್ಲ' ಎಂದು ಕಂಪನಿಯ ತಲೆಗೆ.

ಪೆಟ್ರೋಲಿನ ಬಗ್ಗೆಯೂ ಹೀಗೇ ಒಂದು ನಂಬಿಕೆ. ಇಲ್ಲಿ ಬಂಕಿನಲ್ಲಿ ಹಸಿರು ಪಂಪು 91ರದ್ದು, ಕೆಂಪು 95ರದ್ದು. 2007ರಲ್ಲಿ 91 ಬಂದಾಗಿನಿಂದಲೂ ಅದು 'ಕಡಿಮೆ ದರ್ಜೆ'ಯದು, ಎಂಜಿನ್ ಹಾಳುಮಾಡುತ್ತದೆ ಎಂಬ ಗುಮಾನಿ ಹೋಗಿಲ್ಲ. ಅಮೆರಿಕದಲ್ಲಿ ರೆಗ್ಯುಲರ್ ಎಂದು ಮಾರುವ 87 ಇಲ್ಲಿಯ ಅಳತೆಯಲ್ಲಿ ಹೆಚ್ಚುಕಡಿಮೆ 91ಕ್ಕೇ ಸಮ, ಮಾಮೂಲಿ ಕ್ಯಾಮ್ರಿ ಅದರಲ್ಲೇ ಓಡಲೆಂದು ಕಟ್ಟಿದ ಗಾಡಿ. 2015ರ ಕೊನೆಯವರೆಗೆ ಲೀಟರಿಗೆ 45 ಹಲಾಲಾ ಇದ್ದ 91 ಈಗ 2 ರಿಯಾಲ್ 18 ಹಲಾಲಾ, 95ಕ್ಕೆ 2.33. ಸವೆದ ಬೇರಿಂಗಿನ ಕುಟ್ಟು ನಿಲ್ಲಲೆಂದು 95 ಹಾಕಿಸುವವರನ್ನು ಕಂಡಿದ್ದೇನೆ. ಪೆಟ್ರೋಲಿನ ಸಿಡಿತದ ಕಿಣಿಕಿಣಿ ಬೇರೆ, ಬೇರಿಂಗಿನ ಕುಟ್ಟು ಬೇರೆ. ಮೊದಲನೆಯದಕ್ಕೆ ಆಕ್ಟೇನ್ ಮದ್ದು, ಎರಡನೆಯದಕ್ಕೆ ಎಂಜಿನ್ ಬಿಚ್ಚಬೇಕು.

ಒಂದು ವಿಷಯ ನಿಜ. ಪೆಟ್ರೋಲು ದುಬಾರಿಯಾದಂತೆ ಮೈಲೇಜಿನ ಒತ್ತಡ ಹೆಚ್ಚಿತು. 2016ರಿಂದ ಸೌದಿಯಲ್ಲೂ ಕಂಪನಿಗಳ ಹೊಸ ಕಾರುಗಳು ಸರಾಸರಿ ಇಷ್ಟು ಮೈಲೇಜು ಕೊಡಲೇಬೇಕೆಂಬ ನಿಯಮ ಬಂತು. ಒಳಗಿನ ಉಜ್ಜಾಟ ತಗ್ಗಿಸಲು ಉಂಗುರಗಳ ಬಿಗಿ ಕಡಿಮೆ, ಎಣ್ಣೆ ತೆಳು, ಎಣ್ಣೆ ಬದಲಿಸುವ ಅವಧಿ ಉದ್ದ. ಶೋರೂಮಿನ ಸ್ಟಿಕ್ಕರಿನಲ್ಲಿ ಅದು ಚೆಂದ ಕಾಣುತ್ತದೆ. ಮೊದಲ ಮಾಲೀಕನಿಗೆ ಲಾಭವೂ ಹೌದು. ತೆಳು ಎಣ್ಣೆ, ಸಡಿಲ ಉಂಗುರಕ್ಕೆ ಸೋಮಾರಿ ಸರ್ವಿಸ್ ಸೇರಿದರೆ ಅದರ ಬಿಲ್ಲು ಬರುವುದು ಮೂರನೆಯವನಿಗೆ.

ಊರಿನಲ್ಲೂ ಈಗೀಗ ಕಾನೂನು ಎಚ್ಚೆತ್ತಿದೆ. 2012ರಿಂದ ಭಾರತದಲ್ಲಿ ರೀಕಾಲ್ ಕಂಪನಿಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಬಲದಿಂದ 2021ರ ಏಪ್ರಿಲಿನಿಂದ ಸರ್ಕಾರವೇ ಕಡ್ಡಾಯ ಮಾಡಬಹುದು, ದಂಡ ಒಂದು ಕೋಟಿ ರೂಪಾಯಿವರೆಗೆ. ಗಾಡಿಗೆ ಏಳು ವರ್ಷ ಮೀರಿರಬಾರದು, ಮತ್ತು ಮಾರಾಟದ ಪ್ರಮಾಣಕ್ಕೆ ತಕ್ಕಷ್ಟು ಮಾಲೀಕರ ದೂರು ದಾಖಲಾಗಿರಬೇಕು. ಅಲ್ಲೂ ಅದೇ ಷರತ್ತು ನೋಡಿ. ಕಟ್ಟೆಯ ಮೇಲೆ ಕೂತು ಬೈದದ್ದು ಲೆಕ್ಕಕ್ಕಿಲ್ಲ.

ಆ ಜುಬೈಲಿನ ಕುಟುಂಬ ಕೊನೆಗೆ ಎಂಜಿನ್ ಬಿಚ್ಚಿಸಲಿಲ್ಲ. ಬಿಚ್ಚಿ, ಉಂಗುರ ಹಾಕಿ, ಗ್ಯಾಸ್ಕೆಟ್ ಕೂರಿಸುವ ಖರ್ಚಿಗೂ ತಶ್ಲೀಹ್‌ನ, ಅಂದರೆ ಗುಜರಿ ಅಂಗಳದ, ಹಳೆಯ ಎಂಜಿನ್ನಿನ ಬೆಲೆಗೂ ತೂಗಿ ನೋಡಿ, ಎರಡೂ ಬೇಡವೆಂದು ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುವ ಪದ್ಧತಿ ಮಾಡಿಕೊಂಡರು. ಈಗ ಮನೆಯೊಡತಿಯೇ ಪ್ರತಿ ಶನಿವಾರ ಬೆಳಿಗ್ಗೆ ಕಡ್ಡಿ ಒರೆಸಿ, ಅದ್ದಿ, ನೋಡಿ, ಎಷ್ಟು ಹಾಕಿದೆ ಎಂದು ಹಾಲಿನ ಲೆಕ್ಕದ ಪುಸ್ತಕದಲ್ಲಿ ತಾರೀಖು ಸಮೇತ ಬರೆಯುತ್ತಾರೆ. ನಾನು ಕಂಡ ಮಟ್ಟಿಗೆ ಎಂಜಿನ್ ದೋಷದ ಇಷ್ಟು ಅಚ್ಚುಕಟ್ಟಾದ ದಾಖಲೆ ಯಾವ ಏಜೆನ್ಸಿಯಲ್ಲೂ ಇಲ್ಲ. ಮಾರುವಾಗ ಆ ಪುಸ್ತಕವನ್ನೂ ಕೊಡುತ್ತೀರಾ ಎಂದು ಕೇಳಿದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಮೊನ್ನೆ ಸನಾಯಾದಲ್ಲಿ ಹೊಸದಾಗಿ ಬಂದ ಕುಂದಾಪುರದ ಹುಡುಗನೊಬ್ಬ ಹಳೆಯ ಸೆಡಾನೊಂದನ್ನು ಅಣ್ಣನಿಗೆ ತೋರಿಸಲು ತಂದಿದ್ದ. ತಣ್ಣಗಾಗುವವರೆಗೆ ಕಾದು, ಸ್ಟಾರ್ಟ್ ಮಾಡಿ, ಹೊಗೆ ನೋಡಿ, ಮುಚ್ಚಳ ಒರೆಸಿ, ನಾಲ್ಕು ಸಿಲಿಂಡರಿನ ಕಂಪ್ರೆಷನ್ನೂ ನೋಡಿ ಆಯಿತು. ಪರವಾಗಿಲ್ಲ ಎನ್ನುವಂಥ ಗಾಡಿ.

'ತಕ್ಕೊಳ್ಬಹುದಾ ಅಣ್ಣ?'

ಅಣ್ಣ ಕೈ ಒರೆಸಿಕೊಳ್ಳುತ್ತಾ ಕೇಳಿದರು, 'ಇದರ ಯಜಮಾನ ಊರಿಗೆ ಹೋಗುವುದು ಯಾವಾಗ?'

'ಬರುವ ಗುರುವಾರ ಫ್ಲೈಟ್ ಅಂತೆ.'

'ಹಾಗಾದ್ರೆ ಬುಧವಾರದ ಒಳಗೆ ಅವರ ಮನೆಗೆ ಹೋಗಿ ಸರ್ವಿಸಿನ ಬಿಲ್ಲು ಎಷ್ಟು ಉಂಟೋ ಅಷ್ಟೂ ತಕ್ಕೊಂಡು ಬಾ. ರೇಟು ಆಮೇಲೆ ಮಾತಾಡುವ.'